ಅಮ್ಮನ ಹಂತ

ವಾರವಿಡೀ ಸುರಿದ ಮಳೆ ಆ ಬೆಳಿಗ್ಗೆ ನಿಂತಿತು. ಲಿಯೊನಿ ಎದ್ದವಳೇ ಮುಖ ಕೂಡ ತೊಳೆಯದೆ ಗುಡ್ಡ ಹತ್ತಿದಳು. ಇಳಿಜಾರಿನಲ್ಲಿ ಕಲ್ಲುಗೋಡೆ ಕಟ್ಟಿ ಮಣ್ಣು ತುಂಬಿದ ತೋಟದ ಮೇಲಿನ ಹಂತದ ಬಳ್ಳಿಗಳಿಂದ ನಾಲ್ಕಾರು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡು, ಸಿಪ್ಪೆ ಅಗಿದು, ಬೀಜ ಕಚ್ಚಿ ನೋಡಿ ಇಳಿದು ಬಂದಳು. ಬೀಜ ಕಂದು ಬಣ್ಣಕ್ಕೆ ತಿರುಗಿತ್ತು. ವಿಯೊನ್ಯೆ ದ್ರಾಕ್ಷಿಯ ಸ್ವಭಾವವೇ ಹಾಗೆ. ನಿನ್ನೆಯವರೆಗೆ ಬರೀ ಹುಳಿನೀರು, ಇವತ್ತು ಬಾಯಿ ತುಂಬ ಏಪ್ರಿಕಾಟಿನ ಕಂಪು, ಒಂದೆರಡು ದಿನ ತಡ ಮಾಡಿದರೆ ಸಪ್ಪೆ ಸಕ್ಕರೆ.

ತಮ್ಮ ಕ್ಲೋದಿಯಸ್ ರಾತ್ರಿ ಪಾಳಿ ಮುಗಿಸಿ ಬಂದು, ಬೂಟು ಬಿಚ್ಚದೆ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ನದಿಯ ಕೆಳದಂಡೆಯ ರಾಸಾಯನಿಕ ಕಾರ್ಖಾನೆಯ ವಾಸನೆ ಅವನ ಕೋಟಿನಿಂದ ಏನು ಮಾಡಿದರೂ ಹೋಗುತ್ತಿರಲಿಲ್ಲ.

"ನಾಳೆಯಿಂದ ಕೊಯ್ಬೇಕು ಕ್ಲೋದಿ. ಅಮ್ಮನ ಹಂತ ಮೊದ್ಲು. ರಜ ಹಾಕ್ತೀಯ ತಾನೆ?"

"ಹಾಕ್ತೀನಿ." ಅವನು ಬ್ರೆಡ್ಡನ್ನು ಕಾಫಿಗೆ ಅದ್ದಿದ. "ಇದೇ ಕೊನೇ ಸಲ."

"ಏನು ಕೊನೇ ಸಲ?"

"ಮೇಸ್ತ್ರಿಗೆ ಹೇಳ್ಬಿಟ್ಟೆ. ಮುಂದಿನ ತಿಂಗಳಿಂದ ಹಗಲು ಪಾಳಿ, ಖಾಯಂ. ಇರೋಕೆ ಅಲ್ಲೇ ಮನೇನೂ ಕೊಡ್ತಾರೆ. ಇಬ್ರೂ ಹೋಗೋಣ. ಈ ಗುಡ್ಡ ಸಾಕು ಕಣೇ ಲಿಯೊನಿ. ಮಳೆ ಬಂದಾಗೆಲ್ಲ ಮಣ್ಣು ಕೆಳಗೆ ಹೋಗೋದು, ಅದನ್ನ ಬೆನ್ನ ಮೇಲೆ ಹೊತ್ತು ನಾವು ಮೇಲಕ್ಕೆ ತರೋದು. ಅಪ್ಪ ಹೊತ್ತ, ಅಮ್ಮ ಹೊತ್ತಳು, ನಾನೂ ಹೊತ್ತೆ. ಮಣ್ಣಿಗೆ ಬುದ್ಧಿ ಬರ್ಲಿಲ್ಲ. ನನಗಾದ್ರೂ ಬರ್ಲಿ."

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಗುಡ್ಡದ ಮುಕ್ಕಾಲು ಭಾಗ ಈಗಾಗಲೇ ಮುಳ್ಳುಪೊದೆಯ ಪಾಲಾಗಿತ್ತು. ಎರಡನೇ ಯುದ್ಧ ಮುಗಿದ ಮೇಲೆ ಕಾಂಡ್ರಿಯು ಊರಿನ ಗಂಡಸರು ಒಬ್ಬೊಬ್ಬರಾಗಿ ಗುದ್ದಲಿ ಗೋಡೆಗೊರಗಿಸಿ ಕಾರ್ಖಾನೆಯ ಬಸ್ಸು ಹತ್ತಿದ್ದರು. ಉಳಿದವರು ನದಿ ಬದಿಯ ಸಪಾಟು ನೆಲದಲ್ಲಿ ತರಕಾರಿ, ಏಪ್ರಿಕಾಟು ಹಾಕಿಕೊಂಡಿದ್ದರು. ಈ ಬಿಳಿ ದ್ರಾಕ್ಷಿಯನ್ನು ನೆಚ್ಚಿಕೊಂಡ ಮನೆಗಳನ್ನು ಬೆರಳು ಮಡಚಿ ಹೇಳಬಹುದಿತ್ತು. ಈ ಹಣ್ಣು ಇಲ್ಲಿ ಬೆಳೆಯುವುದು ನಿಂತರೆ ಲೋಕದಲ್ಲೇ ನಿಂತಂತೆ ಎಂದು ಮುದುಕರು ಹೇಳುತ್ತಿದ್ದರು. ಹಾಗೆ ಹೇಳುವ ಮುದುಕರ ಮಕ್ಕಳೂ ಬಸ್ಸಿನಲ್ಲೇ ಇದ್ದರು.

ಆದರೆ ಲಿಯೊನಿಯ ಕಿವಿಗೆ ಅದೆಲ್ಲ ಬೀಳಲಿಲ್ಲ. ಅವರ ತೋಟದ ಹಂತಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು ನೆಟ್ಟವಳು ಅವರ ತಾಯಿ. ಮೊದಲ ಯುದ್ಧದಿಂದ ಗಂಡ ವಿಷಗಾಳಿ ಕುಡಿದ ಎದೆ ಹೊತ್ತು ಮರಳಿ, ಹತ್ತು ಹೆಜ್ಜೆ ಹತ್ತಲಾರದೆ ಕೂತಾಗ, ಅವಳು ಒಬ್ಬಳೇ ಕಲ್ಲುಬಂಡೆಯ ಮೇಲೆ ಮಣ್ಣು ತಂದು ಸುರಿದು ಬಳ್ಳಿ ನಿಲ್ಲಿಸಿದ್ದಳು. ಬೇರೆ ಹಂತಗಳಲ್ಲಿ ಜೂನಿನ ಚಳಿಗಾಳಿಗೆ ಹೂ ಉದುರಿ ಗೊಂಚಲು ಬೋಳಾದರೂ ಅಲ್ಲಿ ಮಾತ್ರ ಹಣ್ಣು ಕಟ್ಟುತ್ತಿತ್ತು. ಮನೆಯಲ್ಲಿ ಅದಕ್ಕೆ ಅಮ್ಮನ ಹಂತ ಎಂದೇ ಹೆಸರು.

"ನಿನ್ನ ಖಾಯಂ ಕೆಲಸ ನೀನೇ ಇಟ್ಕೋ," ಎಂದಳು ಅವಳು. "ಹೋಗೋನು ಹೋಗು. ಹೋಗೋ ಮುಂಚೆ ಅಮ್ಮನ ಹಂತದ ಗೋಡೆ ಬುಡದ ಬಸಿಗಾಲುವೇನಾದ್ರೂ ಬಿಡಿಸಿ ಹೋಗು. ಎಲೆ ಕಟ್ಕೊಂಡು ನೀರು ಹಿಂದೇನೇ ನಿಂತಿದೆ, ಈಗ ನೋಡ್ಕೊಂಡು ಬಂದೆ. ಅಷ್ಟೂ ಕೈಲಾಗಲ್ಲ ಅಂದ್ರೆ ಹೇಳು, ಹೆಂಗಸು ನಾನೇ ಮಾಡ್ಕೋತೀನಿ."

ಕ್ಲೋದಿಯಸ್ ಬಟ್ಟಲನ್ನು ಕುಕ್ಕಿ ಎದ್ದ. ಬಾಗಿಲ ಹಿಂದಿದ್ದ ಪಿಕಾಸಿ ತೆಗೆದುಕೊಂಡು ಹೊರಗೆ ಹೋದ. ರಾತ್ರಿಯಿಡೀ ನಿಂತು ದುಡಿದವನು, ಸ್ವಲ್ಪ ಮಲಗಿ ಏಳು ಎನ್ನಬೇಕೆಂದು ಅವಳಿಗೆ ಅನ್ನಿಸಿತು. ಅನ್ನಲಿಲ್ಲ. ಮೇಜಿನ ಮೇಲೆ ಚೆಲ್ಲಿದ ಕಾಫಿ ಒರೆಸಿದಳು.

ಸದ್ದು ಕೇಳಿದಾಗ ಅವಳು ಹಿತ್ತಲಲ್ಲಿ ಕೊಯ್ಲಿನ ಬುಟ್ಟಿಗಳನ್ನು ತೊಳೆಯುತ್ತಿದ್ದಳು. ಗಾಡಿಯಿಂದ ಕಲ್ಲು ಸುರಿದಂಥ ಸದ್ದು. ಆಮೇಲೆ ಏನೂ ಇಲ್ಲ. ಕೈಯಲ್ಲಿದ್ದ ಬುಟ್ಟಿ ಎಲ್ಲಿ ಬಿತ್ತೋ, ಕಾಲಲ್ಲಿದ್ದ ಮರದ ಪಾದರಕ್ಷೆ ಎಲ್ಲಿ ಕಳಚಿತೋ ಅವಳಿಗೆ ಗೊತ್ತಾಗಲಿಲ್ಲ. ಗುಡ್ಡದ ಕಾಲುದಾರಿಯನ್ನು ಕೈಕಾಲು ನಾಲ್ಕರಲ್ಲೂ ಹತ್ತಿದಳು.

ಅಮ್ಮನ ಹಂತವನ್ನು ಹಿಡಿದು ನಿಲ್ಲಿಸಿದ್ದ ಗೋಡೆಯ ನಡುಭಾಗ ಒಡೆದು ಕೆಳಗಿನ ಹಂತದ ಮೇಲೆ ಕುಸಿದಿತ್ತು. ಗೋಡೆ ಇದ್ದಲ್ಲಿ ದೊಡ್ಡ ಬಾಯಿ. ಆ ಬಾಯಿಯ ಮೇಲೆ ಆಧಾರವಿಲ್ಲದೆ ಒದ್ದೆ ಮಣ್ಣು, ಅದರ ತುದಿಯಲ್ಲಿ ಹಣ್ಣು ತೂಗುತ್ತಿದ್ದ ಬಳ್ಳಿಗಳು. ಕೆಳಗೆ ಕಲ್ಲು ಮಣ್ಣಿನ ರಾಶಿ. ತಮ್ಮ ಎಲ್ಲೂ ಇರಲಿಲ್ಲ.

"ಕ್ಲೋದಿ! ಕ್ಲೋದೀ!"

ರಾಶಿಯ ಒಳಗಿಂದ ಕೆಮ್ಮು ಕೇಳಿತು. "ಕಿರಚ್ಬೇಡ. ಕಿವಿ ಕೇಳ್ಸುತ್ತೆ ನಂಗೆ."

ಲಿಯೊನಿ ರಾಶಿಯ ಮೇಲೆ ಬೋರಲು ಬಿದ್ದಳು. ಎರಡು ದೊಡ್ಡ ಕಲ್ಲುಗಳ ನಡುವೆ ಕೈ ತೂರುವಷ್ಟು ಸಂದು ಇತ್ತು. ಒಳಗೆ ಕತ್ತಲು.

"ಎಲ್ಲಿದ್ದೀಯೋ? ಏನಾಗಿದೆ?"

"ಕಲ್ಲಿನ ಕೆಳಗಿದೀನಿ, ಇನ್ನೆಲ್ಲಿರ್ತೀನಿ? ಮುಖದ ಮುಂದೆ ಒಂದು ಚಪ್ಪಡಿ ಅಡ್ಡ ಬಿದ್ದಿದೆ. ಅದಕ್ಕೇ ಉಸ್ರಾಡ್ತಿದೀನಿ. ಎಡಗಾಲು ಗೊತ್ತಾಗ್ತಿಲ್ಲ. ನೋವಿಲ್ಲ. ನೋವಿಲ್ದೆ ಇರೋದು ಒಳ್ಳೇದಾ ಕೆಟ್ಟದ್ದಾ?"

"ಒಳ್ಳೇದು," ಎಂದಳು. ಕೈಗೆ ಸಿಕ್ಕ ಕಲ್ಲನ್ನು ಕಿತ್ತು ಹಿಂದೆ ಎಸೆದಳು. ಇನ್ನೊಂದು ಕಿತ್ತಳು. ಅಷ್ಟರಲ್ಲಿ ಮೇಲಿಂದ ಒಂದು ಬುಟ್ಟಿಯಷ್ಟು ಮಣ್ಣು ಜಾರಿ ಅವಳ ಬೆನ್ನ ಮೇಲೆ ಬಿತ್ತು. ಒಳಗೂ ಏನೋ ಸರಿಯಿತು. ಕ್ಲೋದಿಯಸ್ ಪ್ರಾಣಿಯಂತೆ ಕೂಗಿಕೊಂಡ.

"ಮುಟ್ಬೇಡ! ಮುಟ್ಬೇಡ ಕಣೇ! ಎಲ್ಲಾ ಅಲ್ಲಾಡುತ್ತೆ!"

ಅವಳು ಕೈ ಹಿಂದಕ್ಕೆಳೆದುಕೊಂಡಳು. ಉಗುರುಗಳಿಂದ ರಕ್ತ ಬರುತ್ತಿತ್ತು. ಮುಟ್ಟಿದರೆ ಕೊಲ್ಲುತ್ತೇನೆ, ಮುಟ್ಟದಿದ್ದರೆ ಸಾಯುತ್ತಾನೆ. ಊರಿಗೆ ಓಡಬೇಕು, ಓಡಿದರೆ ಇವನು ಇಲ್ಲಿ ಒಬ್ಬನೇ ಆಗುತ್ತಾನೆ. ನಿಂತಲ್ಲೇ ಅತ್ತ ಒಂದು ಹೆಜ್ಜೆ ಇತ್ತ ಒಂದು ಹೆಜ್ಜೆ ಇಟ್ಟಳು.

ಪಕ್ಕದ ತೋಟದ ಶೊರೆಲ್ ತಾತ ಕೋಲೂರಿಕೊಂಡು ಬಂದದ್ದು ಆಗ. ಎಪ್ಪತ್ತು ದಾಟಿದ, ಸದಾ ಗೊಣಗುವ ಮುದುಕ. ಅವನು ರಾಶಿಯನ್ನು ಒಮ್ಮೆ ನೋಡಿದ. ತಲೆಯೆತ್ತಿ ಮೇಲೆ ನೇತಾಡುತ್ತಿದ್ದ ಮಣ್ಣನ್ನು ಬಹಳ ಹೊತ್ತು ನೋಡಿದ.

"ಒಳಗೆ ಯಾರು, ಕ್ಲೋದಿಯಸ್ಸಾ? ಜೀವ ಇದೆಯಾ?"

"ಇದೆ ತಾತ. ಇನ್ನೂ ನಿಮಗಿಂತ ಚಿಕ್ಕೋನೇ," ಎಂದಿತು ಒಳಗಿನ ದನಿ.

"ಬಾಯಿ ಮುಚ್ಕೊಂಡು ಉಸ್ರು ಉಳಿಸ್ಕೊ ಮುಂಡೇದೇ." ಮುದುಕ ಲಿಯೊನಿಯ ತೋಳು ಹಿಡಿದ. "ಮಗಳೇ, ಕೆಳಗಿನ ಕಲ್ಲು ತೆಗೆದ್ರೆ ಮೇಲಿರೋದೆಲ್ಲ ಬರುತ್ತೆ. ನೀನು ಇಲ್ಲೇ ಇರು, ಅವನ ಹತ್ರ ಮಾತಾಡ್ತಾ ಇರು. ಊರು ಕರೆಯೋದು ನಂಗೆ ಬಿಡು."

"ನೀವು ಕೆಳಗೆ ಇಳಿಯೋ ಹೊತ್ತಿಗೆ ತಾತ..."

"ಯಾರು ಇಳೀತಾರೆ?"

ಅವನ ತೋಟದ ಗುಡಿಸಲಿನಲ್ಲಿ ಆಲಿಕಲ್ಲು ಮೋಡ ಒಡೆಯಲು ಹಾರಿಸುವ ರಾಕೆಟ್ಟುಗಳಿದ್ದವು. ಸ್ವಲ್ಪ ಹೊತ್ತಿಗೆ ಮೊದಲನೆಯದು ಸೀಳಿಕೊಂಡು ಹೋಗಿ ಆಕಾಶದಲ್ಲಿ ಒಡೆಯಿತು. ಕಣಿವೆಯೆಲ್ಲ ಮೊಳಗಿತು. ಮತ್ತೊಂದು, ಮಗದೊಂದು. ಆಲಿಕಲ್ಲಿನ ಸುಳಿವೇ ಇಲ್ಲದ ಬೆಳಿಗ್ಗೆ ಶೊರೆಲ್ ಮುದುಕನಿಗೆ ತಲೆಕೆಟ್ಟಿತೇ ಎಂದು ಬೀದಿಗೆ ಬಂದ ಜನ ತಲೆಯೆತ್ತಿ ನೋಡಿದರು. ಗುಡ್ಡದ ಮೇಲಿನ ಕೆಂಪು ಗಾಯ ಅವರಿಗೆ ಕಂಡಿತು. ಪುರಸಭೆಯ ಸೈರನ್ ಕೂಗಿಕೊಂಡಿತು.

ಊರಿನ ಅಗ್ನಿಶಾಮಕ ದಳಕ್ಕೆ ಬೇಕರಿಯ ರೆಜಿಸ್ ನಾಯಕ. ತೋಳಿನ ಮೇಲೆ ಹಿಟ್ಟು ಹಾಗೇ ಇತ್ತು, ತಲೆಗೆ ಮಾತ್ರ ಹಿತ್ತಾಳೆಯ ಟೋಪಿ ಇಟ್ಟುಕೊಂಡು ಏಳೆಂಟು ಜನರೊಂದಿಗೆ ಏದುಸಿರು ಬಿಡುತ್ತ ಬಂದ. ಅವನು, ಶೊರೆಲ್ ಮತ್ತು ಒಬ್ಬಿಬ್ಬರು ದೂರ ನಿಂತು ಪಿಸುಮಾತಿನಲ್ಲಿ ವಾದ ಮಾಡಿದರು. ಲಿಯೊನಿ ಸಂದಿಗೆ ಬಾಯಿಟ್ಟು ತಮ್ಮನನ್ನು ಮಾತಾಡಿಸುತ್ತಿದ್ದಳು. ಏನು ಮಾತಾಡಬೇಕೋ ತಿಳಿಯದೆ ಅವನು ಚಿಕ್ಕವನಿದ್ದಾಗ ದೋಣಿಯಿಂದ ಬಿದ್ದದ್ದು, ಪಾದ್ರಿಯ ಕೋಳಿ ಕದ್ದದ್ದು, ಎಲ್ಲ ಹೇಳಿದಳು. "ಕೋಳಿ ಕದ್ದಿದ್ದು ನೀನು," ಎಂದ ಅವನು.

ರೆಜಿಸ್ ಬಂದು ಅವಳನ್ನು ಪಕ್ಕಕ್ಕೆ ಕರೆದ.

"ಲಿಯೊನಿ, ಒಂದೇ ದಾರಿ. ಮೇಲಿನ ಹಂತ ಪೂರ್ತಿ ಖಾಲಿ ಮಾಡ್ಬೇಕು. ಮೇಲಿಂದ ಮಣ್ಣು ತೆಗೆದು ಆ ಕಡೆ ಇಳಿಜಾರಿಗೆ ಎಸೀಬೇಕು, ಬಂಡೆ ಕಾಣೋ ತನಕ. ಆಮೇಲೇನೆ ಕೆಳಗಿನ ಕಲ್ಲಿಗೆ ಕೈ ಹಾಕೋಕಾಗೋದು."

"ಮಾಡಿ. ಇನ್ನೂ ಯಾಕೆ ನಿಂತಿದ್ದೀರಿ?"

"ಬಳ್ಳಿ..." ರೆಜಿಸ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಬೇರು ಮಣ್ಣನ್ನ ಹಿಡ್ಕೊಂಡಿದೆ. ಬೇರು ಕಡೀದೆ ಮಣ್ಣು ಬರಲ್ಲ. ಒಂದೂ ಉಳಿಯಲ್ಲ ಲಿಯೊನಿ."

"ಹಣ್ಣಾದ್ರೂ ಕೊಯ್ಕೊಳ್ಳೋಣ, ಎಷ್ಟು ಹೊತ್ತಾಗುತ್ತೆ..." ಎಂದು ಹಿಂದಿನಿಂದ ಯಾರೋ ಒಳ್ಳೆಯ ಮನಸ್ಸಿನಿಂದಲೇ ಅಂದ.

ಲಿಯೊನಿ ತಿರುಗಿ ನೋಡಿದ ನೋಟಕ್ಕೆ ಅವನ ಮಾತು ಅಲ್ಲೇ ನಿಂತಿತು. ಅವಳು ಪಕ್ಕದಲ್ಲಿ ನಿಂತವನ ಕೈಯಿಂದ ಕೊಡಲಿ ಕಿತ್ತುಕೊಂಡಳು. ಬದಿಯ ಕಲ್ಲುಮೆಟ್ಟಿಲಿನಿಂದ ಅಮ್ಮನ ಹಂತಕ್ಕೆ ಹತ್ತಿದಳು. ಅಂಚಿನ ಬಳ್ಳಿಯ ಬುಡ ಅವಳ ತೊಡೆಯಷ್ಟು ದಪ್ಪವಿತ್ತು. ಬೆಳಿಗ್ಗೆ ಅವಳು ಹಣ್ಣು ಕಿತ್ತು ನೋಡಿದ್ದು ಅದರದ್ದೇ. ಕೊಡಲಿ ಎತ್ತಿದಳು. ಮೊದಲ ಏಟು ತಪ್ಪಿ ಕಲ್ಲಿಗೆ ಬಿತ್ತು. ಎರಡನೆಯದು ಕಚ್ಚಿಕೊಂಡಿತು.

ಆಮೇಲೆ ಎಲ್ಲರೂ ಹತ್ತಿದರು. ಒಬ್ಬರು ಕಡಿದರೆ ಇಬ್ಬರು ಹಾರೆ ಹಾಕಿ ಬುಡ ಮೀಟುತ್ತಿದ್ದರು. ಉಳಿದವರು ಮಣ್ಣನ್ನು ಬುಟ್ಟಿಗೆ ತುಂಬಿ ಕೈಯಿಂದ ಕೈಗೆ ದಾಟಿಸಿ ಆಚೆ ಸುರಿಯುತ್ತಿದ್ದರು. ಅಂಚಿಗೆ ಹೋದವರ ಸೊಂಟಕ್ಕೆ ಹಗ್ಗ ಕಟ್ಟಿದ್ದರು. ಹಣ್ಣು ತುಂಬಿದ ಬಳ್ಳಿಗಳು ತಲೆಕೆಳಗಾಗಿ ಇಳಿಜಾರಿಗೆ ಉರುಳಿದವು. ಗೊಂಚಲುಗಳು ಬೂಟಿನ ಕೆಳಗೆ ಅಪ್ಪಚ್ಚಿಯಾದವು. ಬಿಸಿಲು ಬಂತು. ಒದ್ದೆ ಮಣ್ಣಿನ ಮೇಲೆ ದ್ರಾಕ್ಷಿಯ ರಸ ಕಾದು, ಹಣ್ಣಿನ ಕಂಪು ಗುಡ್ಡದ ತುಂಬ ಏಳತೊಡಗಿತು. ಎಲ್ಲಿದ್ದವೋ ಕಣಜಗಳು, ಹಿಂಡುಹಿಂಡಾಗಿ ಬಂದವು. ಕೆಲಸ ಮಾಡುವವರ ಕುತ್ತಿಗೆಗೆ, ಕೈಗೆ ಕಚ್ಚಿದವು. ಯಾರೂ ಕೆಲಸ ನಿಲ್ಲಿಸಲಿಲ್ಲ.

ಮಧ್ಯಾಹ್ನ ಕಳೆಯಿತು. ಕ್ಲೋದಿಯಸ್‌ನ ದನಿ ಸಣ್ಣಗಾಗುತ್ತ ಬಂತು. ಕೇಳಿದ್ದಕ್ಕೆ ಮೊದಲು ಎರಡು ಮಾತಿನಲ್ಲಿ ಉತ್ತರಿಸುತ್ತಿದ್ದವನು ಈಗ ಬರೀ ಹೂಂ ಎನ್ನುತ್ತಿದ್ದ. ಶೊರೆಲ್ ಮುದುಕ ಸಂದಿಯಲ್ಲಿ ಒಂದು ರಬ್ಬರ್ ಕೊಳವೆ ತೂರಿಸಿ ನೀರು ಬಿಡಲು ನೋಡಿದ. ಅರ್ಧ ಹೊರಗೇ ಚೆಲ್ಲಿತು.

"ತಾತ ಕರೀತಿದಾರೆ, ಇಳಿ," ಎಂದು ರೆಜಿಸ್ ಲಿಯೊನಿಯ ಕೈಯಿಂದ ಕೊಡಲಿ ಬಿಡಿಸಿಕೊಂಡ. "ಅವನು ನಿದ್ದೆಗೆ ಜಾರ್ತಿದಾನಂತೆ. ಜಾರೋಕೆ ಬಿಡ್ಬೇಡ. ಏನಾದ್ರೂ ಮಾಡು."

ಅವಳು ಇಳಿದು ಬಂದು ಸಂದಿಗೆ ಮುಖವಿಟ್ಟಳು. ಒಳಗಿಂದ ತಣ್ಣನೆಯ ಮಣ್ಣಿನ ಗಾಳಿ ಬಂತು.

"ಕ್ಲೋದಿ. ಕ್ಲೋದಿ, ಏಳೋ."

ಬಹಳ ಹೊತ್ತಿನ ಮೇಲೆ ಅವನು ಮಾತಾಡಿದ. "ಏನದು ವಾಸನೆ?"

"ಯಾವ ವಾಸನೆ?"

"ಹಣ್ಣು. ಒಡೆದ ಹಣ್ಣಿನ ವಾಸನೆ ಬರ್ತಿದೆ. ಮೇಲೆ ಜನ ಓಡಾಡ್ತಿರೋ ಸದ್ದು ಕೇಳ್ತಿದೀನಿ ಬೆಳಿಗ್ಗೆಯಿಂದ. ಬುಟ್ಟಿ ಸದ್ದು." ಮಾತು ನಿಂತಿತು. ಮತ್ತೆ ಬಂದಾಗ ಅದರಲ್ಲಿ ಬೇರೆಯೇ ಏನೋ ಇತ್ತು. "ಲಿಯೊನಿ... ಕೊಯ್ತಿದ್ದೀರಾ?"

ಅವಳು ತಲೆಯೆತ್ತಿ ಮೇಲೆ ಕಡಿಯುತ್ತಿದ್ದವರನ್ನು ನೋಡಿದಳು.

"ನಾನಿಲ್ಲಿ ಕಲ್ಲಿನ ಕೆಳಗೆ ಸಾಯ್ತಿದ್ರೆ ನೀನು ಮೇಲೆ ಕೊಯ್ಲು ಮಾಡಿಸ್ತಿದ್ದೀಯಾ? ಜನ ಕರ್ಸಿದ್ದು ಅದಕ್ಕಾ?"

ಇಲ್ಲ ಕಣೋ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವಳಿಗೆ ಕೇಳಿಸಿದ್ದು ಅವನ ದನಿ. ಅದು ಎದ್ದು ಕೂತಿತ್ತು. ಅರ್ಧ ಗಂಟೆಯಿಂದ ಹೂಂ ಎನ್ನಲೂ ಆಗದವನು ಈಗ ಹಲ್ಲು ಕಚ್ಚಿ ಮಾತಾಡುತ್ತಿದ್ದ. ಅಮ್ಮನ ಬಳ್ಳಿ ಕಡಿಯುತ್ತಿದ್ದೇವೆ ಎಂದರೆ ಅಯ್ಯೋ ಎಂದು ಸುಮ್ಮನಾಗಿಬಿಡುತ್ತಾನೆ. ಇವನನ್ನು ಅವಳು ನಲವತ್ತು ವರ್ಷದಿಂದ ಬಲ್ಲಳು. ದುಃಖವಾದರೆ ಮಲಗುವವನು, ಸಿಟ್ಟು ಬಂದರೆ ರಾತ್ರಿಯಿಡೀ ಮಲಗದವನು.

"ಹೂಂ, ಕೊಯ್ತಿದೀವಿ," ಎಂದಳು. "ಸಂಜೆಗೆ ಮತ್ತೆ ಮಳೆ ಅಂತೆ. ಹಣ್ಣು ಕೊಳೆಯೋಕೆ ಬಿಡ್ಲಾ? ನೀನೇನು, ಹೇಗಿದ್ರೂ ಬಿಟ್ಟು ಹೋಗೋನು ತಾನೆ?"

ಪಕ್ಕದಲ್ಲಿದ್ದ ಶೊರೆಲ್ ಮುದುಕನ ಕೈಯಿಂದ ನೀರಿನ ಶೀಷೆ ಜಾರಿತು.

"ಪಾಪಿ," ಎಂದಿತು ಕಲ್ಲಿನ ರಾಶಿ. "ಪಾಪಿಮುಂಡೆ. ಆ ಹಾಳು ಹುಲ್ಲುಕಡ್ಡಿಗಳಿಗೋಸ್ಕರ..."

"ಹುಲ್ಲುಕಡ್ಡಿ ಅಂದ್ಯಾ? ಇನ್ನೊಂದ್ಸಲ ಅನ್ನು."

ಅವನು ಇನ್ನೊಂದು ಸಲ ಅಂದ. ಹತ್ತು ಸಲ ಅಂದ. ವರ್ಷಗಟ್ಟಲೆ ಒಳಗಿಟ್ಟುಕೊಂಡದ್ದೆಲ್ಲ ಹೊರಗೆ ಬಂತು. ಅವನಿಗೆ ಇಪ್ಪತ್ತೈದಾಗಿದ್ದಾಗ ನದಿಯಾಚೆಯ ಹುಡುಗಿ ಈ ಗುಡ್ಡ ಹತ್ತಲಾರೆ ಎಂದದ್ದು, ಅವಳನ್ನು ಬಿಟ್ಟು ಅವನು ಇಲ್ಲಿ ಉಳಿದದ್ದು, ಅದಕ್ಕೆ ಒಂದು ದಿನವೂ ಯಾರೂ ಅಯ್ಯೋ ಎನ್ನದಿದ್ದದ್ದು. ಲಿಯೊನಿ ಒಂದನ್ನೂ ಬಿಡದೆ ತಿರುಗಿ ಕೊಟ್ಟಳು. ಅವನು ಏದುಸಿರು ಬಿಟ್ಟಾಗ ಮತ್ತೆ ಚುಚ್ಚಿದಳು. ನೀನು ಸೋಮಾರಿ ಎಂದಳು, ಅಪ್ಪನ ಕೆಮ್ಮಿನ ನೆಪದಂತೆ ನಿನಗೆ ಕಾರ್ಖಾನೆಯ ನೆಪ ಎಂದಳು. ಹೇಳುತ್ತ ಹೇಳುತ್ತ ಅವಳ ಕಣ್ಣಿಂದ ನೀರು ಕಲ್ಲಿನ ಮೇಲೆ ಸುರಿಯುತ್ತಿತ್ತು. ಅಳು ದನಿಯಲ್ಲಿ ಕಾಣಬಾರದೆಂದು ತುಟಿ ಕಚ್ಚಿಕೊಂಡು ತುಟಿಯೇ ಹರಿದಿತ್ತು. ಮೇಲೆ ಕೆಲಸ ಮಾಡುವವರಿಗೂ ಇದೆಲ್ಲ ಕೇಳಿಸುತ್ತಿತ್ತು. ಕೊನೆಯ ಬುಡಗಳು ಬೀಳುವ ಸದ್ದು ಮಾತ್ರ ಬರುತ್ತಿತ್ತು.

ನದಿಯಾಚೆಯ ಗುಡ್ಡದ ಮೇಲೆ ಬಿಸಿಲು ಹಳದಿಯಾಗುವ ಹೊತ್ತಿಗೆ ಮೇಲಿನ ಹಂತ ಬೋಳು ಬಂಡೆಯಾಯಿತು. ಆಮೇಲೆ ರೆಜಿಸ್‌ನ ಜನ ಕೆಳಗಿನ ಕಲ್ಲುಗಳನ್ನು ಒಂದೊಂದಾಗಿ ಎತ್ತಿದರು. ದೊಡ್ಡ ಚಪ್ಪಡಿಯನ್ನು ಹಾರೆಗಳಿಂದ ಮೀಟಿ, ಹಗ್ಗ ಬಿಗಿದು, ಹತ್ತು ಜನ ಎಳೆದರು. ಕ್ಲೋದಿಯಸ್‌ನ ಮುಖ ಕಂಡಿತು. ಮಣ್ಣಿನ ಮುಖದಲ್ಲಿ ಎರಡು ಕಣ್ಣು. ಆ ಕಣ್ಣು ಸುತ್ತ ನಿಂತವರನ್ನೆಲ್ಲ ದಾಟಿ ಲಿಯೊನಿಯ ಮೇಲೆ ನಿಂತಿತು.

"ಮುಟ್ಬೇಡ ನನ್ನ," ಎಂದ. ಆಮೇಲೆ ಎಚ್ಚರ ತಪ್ಪಿತು.

ವಿಯೆನ್ ಊರಿನ ಆಸ್ಪತ್ರೆಯಲ್ಲಿ ಅವನ ಎಡಗಾಲನ್ನು ಮೊಣಕಾಲಿನ ಮೇಲಕ್ಕೆ ತೆಗೆದರು. ಮೂತ್ರಪಿಂಡ ಕೆಲಸ ನಿಲ್ಲಿಸಬಹುದು ಎಂದು ಡಾಕ್ಟರು ಹೆದರಿಸಿದರು. ಹಲವು ದಿನ ಅವನು ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತೆ ಇದ್ದ. ಲಿಯೊನಿ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಪ್ರಾರ್ಥನೆ ಮಾಡಲು ನೋಡಿದಳು. ಯಾರಲ್ಲಿ ಏನು ಕೇಳಬೇಕೋ ಗೊತ್ತಾಗಲಿಲ್ಲ. ಬಸಿಗಾಲುವೆ ಬಿಡಿಸಿ ಹೋಗು ಎಂದ ತನ್ನದೇ ದನಿ ಮತ್ತೆ ಮತ್ತೆ ಕೇಳಿಸುತ್ತಿತ್ತು.

ಅವಳು ಅಲ್ಲಿರುವಾಗ ಊರಿನವರು ಒಂದು ಬೆಳಿಗ್ಗೆ ಗುಡ್ಡ ಹತ್ತಿ, ಉಳಿದ ಹಂತಗಳ ಹಣ್ಣು ಕೊಯ್ದು, ಶೊರೆಲ್‌ನ ಗಾಣದಲ್ಲಿ ಹಿಂಡಿದರು. ಆ ವರ್ಷ ಅಲ್ಲೆಲ್ಲ ಹೂ ಉದುರಿ ಗೊಂಚಲು ಬೋಳಾಗಿತ್ತು. ಒಂದು ಪೀಪಾಯಿಯೂ ತುಂಬಲಿಲ್ಲ.

ಎಚ್ಚರವಾದ ಮೇಲೆ ಕ್ಲೋದಿಯಸ್ ಮೊದಲು ಕಾಲಿದ್ದ ಜಾಗವನ್ನು ನೋಡಿಕೊಂಡ. ಆಮೇಲೆ ಬಾಗಿಲಲ್ಲಿ ನಿಂತ ಅಕ್ಕನನ್ನು ನೋಡಿದ.

"ಎಷ್ಟಾಯ್ತು ಕೊಯ್ಲು?"

"ಕಮ್ಮಿ," ಎಂದಳು ಲಿಯೊನಿ.

ಅವನು ಗೋಡೆಯ ಕಡೆ ತಿರುಗಿದ. "ಹೋಗು."

ಅವಳು ಹೋದಳು. ಮುಂದಿನ ಭಾನುವಾರ ಬಂದಳು. ಆಡಿನ ಹಾಲಿನ ಸಣ್ಣ ಚೀಸು, ಅವನಿಗೆ ಇಷ್ಟವಾದ ಸೇಬಿನ ಕಡುಬು ತಂದು ಮಂಚದ ಪಕ್ಕ ಇಟ್ಟಳು. ಅವನು ಗೋಡೆ ನೋಡುತ್ತಿದ್ದ. ಪಕ್ಕದ ಮಂಚದ ರೋಗಿ ಕಡುಬು ತಿಂದ. ಅದರ ಮುಂದಿನ ಭಾನುವಾರವೂ ಹಾಗೇ ಆಯಿತು.

"ಹೇಳ್ಬಾರ್ದಾ ಅವನಿಗೆ?" ಎಂದ ರೆಜಿಸ್, ಬ್ರೆಡ್ಡಿನ ವ್ಯಾನಿನಲ್ಲಿ ಅವಳನ್ನು ಮರಳಿ ಕರೆತರುವಾಗ. "ನೀನು ಹೇಳಲ್ಲ ಅಂದ್ರೆ ನಾನು ಹೇಳ್ತೀನಿ. ನಿನ್ನ ಬಗ್ಗೆ ಅವನು ಏನಂದ್ಕೊಂಡಿದಾನೆ ಗೊತ್ತಾ?"

"ಗೊತ್ತು."

"ಮತ್ತೆ?"

"ಕಾಲು ಹೋಗಿದೆ ರೆಜಿಸ್ ಅವನಿಗೆ. ನಿನ್ನಿಂದ ಅಮ್ಮನ ಬಳ್ಳೀನೂ ಹೋಯ್ತು ಅಂತ ಈಗ ಹೇಳ್ಲಾ? ನನ್ನ ಬೈಕೊಂಡು ಊಟ ಮಾಡ್ತಾನೆ ಅಂತ ನರ್ಸಮ್ಮ ಹೇಳಿದ್ಲು. ಬೈಕೊಳ್ಲಿ."

ರೆಜಿಸ್ ಗೇರು ಬದಲಿಸಿದ.

ಕ್ರಿಸ್‌ಮಸ್ಸಿಗೆ ಸ್ವಲ್ಪ ಮುಂಚೆ ಅವನನ್ನು ಮನೆಗೆ ಕಳಿಸಿದರು. ಅದೇ ವ್ಯಾನಿನಲ್ಲಿ ರೆಜಿಸ್ ಕರೆತಂದ. ಮುಂದೆ ಕ್ಲೋದಿಯಸ್, ಮಡಿಲಲ್ಲಿ ಎರಡು ಊರುಗೋಲು. ಹಿಂದೆ ಖಾಲಿ ಬ್ರೆಡ್ಡಿನ ತಟ್ಟೆಗಳ ನಡುವೆ ಲಿಯೊನಿ. ನದಿ ತಿರುಗುವಲ್ಲಿ ಗುಡ್ಡ ಪೂರ್ತಿ ಕಾಣುತ್ತದೆ. ಎಲೆ ಉದುರಿದ ಬಳ್ಳಿಗಳು ಸಾಲುಸಾಲಾಗಿ ಕಪ್ಪಗೆ ನಿಂತಿದ್ದವು. ಎಲ್ಲಕ್ಕಿಂತ ಮೇಲೆ, ಸಾಲು ಇರಬೇಕಾದಲ್ಲಿ, ಬಿಳಿಚಿಕೊಂಡ ಬರೀ ಬಂಡೆ.

"ನಿಲ್ಸು," ಎಂದ ಕ್ಲೋದಿಯಸ್.

ರೆಜಿಸ್ ನಿಲ್ಲಿಸಿದ. ಹಿಂದಿನಿಂದ ಬಂದ ಲಾರಿ ಹಾರನ್ ಹೊಡೆದು ಪಕ್ಕದಿಂದ ಹೋಯಿತು. ಕ್ಲೋದಿಯಸ್ ಕಿಟಕಿಯ ಗಾಜನ್ನು ತೋಳಿನಿಂದ ಒರೆಸಿದ. ನೋಡಿದ. ಕೈಯಿಟ್ಟು ಮತ್ತೆ ಒರೆಸಿದ.

"ಗೋಡೆ ಜೊತೆ ಬಿದ್ದೋಯ್ತಾ ಅಷ್ಟೂ?"

ಅವನು ಗಾಜಿಗೆ ಹಣೆ ತಾಗಿಸಿ ಇನ್ನೊಮ್ಮೆ ನೋಡಿದ.

"ಬಿದ್ದಿದ್ದು ಮಧ್ಯದ್ದು. ಎರಡೂ ಕಡೆ ಗೋಡೆ ನಿಂತಿದೆಯಲ್ಲ. ಮೇಲಿಂದೆಲ್ಲ ಎಲ್ಲಿ ಹೋಯ್ತು ರೆಜಿಸ್?"

"ನನ್ನ ಕೇಳ್ಬೇಡ," ಎಂದ ರೆಜಿಸ್. "ಹಿಂದೆ ಕೂತಿದಾಳಲ್ಲ, ಅವಳನ್ನ ಕೇಳು. ಮೊದಲ್ನೇ ಕೊಡಲಿ ಹಾಕಿದ್ದು ಅವಳೇ."

ಕ್ಲೋದಿಯಸ್ ತಿರುಗಿ ನೋಡಲಿಲ್ಲ. ಮನೆಯವರೆಗೂ ಗಾಜಿನತ್ತಲೇ ಮುಖ ಮಾಡಿಕೊಂಡಿದ್ದ. ರೆಜಿಸ್ ಅವನನ್ನು ಎತ್ತಿಕೊಂಡು ಬಂದು ಅಡುಗೆಮನೆಯಲ್ಲಿ ಕೂರಿಸಿ, ಟೋಪಿ ಮುಟ್ಟಿ ಹೊರಟುಹೋದ. ಲಿಯೊನಿ ಒಲೆಗೆ ಕಟ್ಟಿಗೆ ಹಾಕಿದಳು. ಸೂಪಿನ ಪಾತ್ರೆ ಇಟ್ಟಳು. ಮಾಡಲು ಇನ್ನೇನೂ ಉಳಿಯದಾದಾಗ ಕೈ ಒರೆಸಿಕೊಳ್ಳುತ್ತ ನಿಂತಳು.

"ವಾಸನೆ ಬಂದಿತ್ತಲ್ಲ," ಎಂದ ಅವನು ಮೇಜನ್ನು ನೋಡುತ್ತ. "ಅದು ಕಡಿದ ವಾಸನೆನಾ?"

"ಹೂಂ."

"ಎಲ್ಲಾನೂ?"

"ಎಲ್ಲಾನೂ."

"ನಾನು ಅಷ್ಟೆಲ್ಲ ಅಂದೆ."

"ಅನ್ಲಿ ಅಂತಾನೇ ಅನ್ಸಿದ್ದು."

ಅವನ ಭುಜ ಅಲುಗತೊಡಗಿತು. ಅವನು ಮುಖವನ್ನು ಎರಡು ತೋಳಿನ ನಡುವೆ ಹುದುಗಿಸಿದ. ಅಪ್ಪ ಸತ್ತಾಗಲೂ ಅಮ್ಮ ಸತ್ತಾಗಲೂ ಲಿಯೊನಿ ಅವನನ್ನು ಹೀಗೆ ನೋಡಿರಲಿಲ್ಲ.

"ಬಿಟ್ಟು ಹೋಗೋನು ನಾನು ಕಣೇ," ಎಂದ ತೊದಲುತ್ತ. "ನನ್ನಂಥೋನಿಗೋಸ್ಕರ... ನಂಗೆ ಇದನ್ನ ಹೊರೋಕಾಗಲ್ಲ. ಕಲ್ಲೇ ವಾಸಿ ಇತ್ತು."

ಲಿಯೊನಿಗೆ ಸಮಾಧಾನದ ಮಾತು ಬರುತ್ತಿರಲಿಲ್ಲ. ಎಂದೂ ಬಂದಿರಲಿಲ್ಲ. ಅವನ ತಲೆಯ ಮೇಲೆ ಕೈಯಿಟ್ಟಳು. ಆಸ್ಪತ್ರೆಯವರು ಕೂದಲು ಗಿಡ್ಡಗೆ ಕತ್ತರಿಸಿದ್ದರು. ಅಂಗೈಗೆ ಚುಚ್ಚುತ್ತಿತ್ತು.

"ನಾನೇ ಕಳ್ಸಿದ್ದು ನಿನ್ನ ಅಲ್ಲಿಗೆ," ಎಂದಳು. "ರಾತ್ರಿ ಪಾಳಿ ಮಾಡಿ ಬಂದೋನ್ನ."

ಸೂಪು ಉಕ್ಕಿ ಒಲೆಯ ಮೇಲೆ ಸುರಿಯಿತು. ಇಬ್ಬರೂ ಅಲುಗಲಿಲ್ಲ.

ಹಗಲು ಪಾಳಿಯ ಖಾಯಂ ಕೆಲಸ ಒಂಟಿ ಕಾಲಿನವನಿಗೆ ಸಿಗಲಿಲ್ಲ. ಗೇಟಿನ ಬಳಿ ಕೂರುವ ಕೆಲಸ ಮುಂದೆಂದಾದರೂ ಖಾಲಿಯಾದರೆ ನೋಡೋಣ ಎಂದು ಮೇಸ್ತ್ರಿ ಹೇಳಿಕಳಿಸಿದ. ಅಮ್ಮನ ಹಂತದಲ್ಲಿ ಮತ್ತೆ ಬಳ್ಳಿ ನೆಡುವ ಮಾತನ್ನು ಯಾರೂ ಎತ್ತಲಿಲ್ಲ. ಅಲ್ಲಿಗೆ ಹೊರಬೇಕಾದ ಮಣ್ಣನ್ನು ನೆನೆದರೇ ಸಾಕಿತ್ತು.

ಜನವರಿಯಲ್ಲಿ ಬಳ್ಳಿ ಸವರುವ ಕೆಲಸ ಶುರುವಾಯಿತು. ಲಿಯೊನಿ ಒಬ್ಬಳೇ ಗುಡ್ಡ ಹತ್ತಿ, ಉಳಿದ ಹಂತಗಳಲ್ಲಿ ಮೊದಲ ಬಳ್ಳಿಯ ಮುಂದೆ ಮಂಡಿಯೂರಿ ಕತ್ತರಿ ತೆಗೆದಳು. ಕಡ್ಡಿಗೆ ಕತ್ತರಿ ತಾಗಿಸಿದೊಡನೆ ಅಂಗೈಯಲ್ಲಿ ಕೊಡಲಿಯ ಭಾರ ಬಂದು ಕೂರುತ್ತಿತ್ತು. ಚಳಿಗೆ ಬೆರಳು ಮರಗಟ್ಟುವವರೆಗೆ ಹಾಗೇ ಕೂತಿದ್ದು, ಒಂದು ಕಡ್ಡಿಯನ್ನೂ ಕತ್ತರಿಸದೆ ಇಳಿದು ಬಂದಳು. ಮರುದಿನವೂ ಹಾಗೇ ಆಯಿತು.

ಅದರ ಮರುದಿನ ಅವಳು ಕೋಟು ಹಾಕಿಕೊಳ್ಳುವಾಗ ಕ್ಲೋದಿಯಸ್ ಬಾಗಿಲಲ್ಲಿ ಊರುಗೋಲು ಊರಿ ನಿಂತಿದ್ದ. ತಲೆಗೆ ಟೋಪಿ, ಜೇಬಿನಲ್ಲಿ ಅವನ ಕತ್ತರಿ.

"ಎಲ್ಲಿಗೆ?"

"ಕೆಳಗಿನ ಹಂತಕ್ಕೆ. ಅಲ್ಲಿ ತನಕ ಕೂತ್ಕೊಂಡೇ ಹತ್ತುತೀನಿ."

"ಬೀಳ್ತೀಯ."

"ಬಿದ್ರೆ ಎತ್ತು."

ಅವನು ಕಲ್ಲುಮೆಟ್ಟಿಲಿಗೆ ಬೆನ್ನು ಮಾಡಿ ಕೂತು, ಎರಡು ಕೈ ಹಿಂದಕ್ಕೆ ಊರಿ, ಒಂದೊಂದೇ ಮೆಟ್ಟಿಲು ಮೈಯನ್ನು ಮೇಲಕ್ಕೆಳೆದುಕೊಳ್ಳತೊಡಗಿದ. ನಾಲ್ಕು ಮೆಟ್ಟಿಲಿಗೆ ಬೆವರಿದ. ಲಿಯೊನಿ ಊರುಗೋಲುಗಳನ್ನು ಕಂಕುಳಲ್ಲಿ ಹಿಡಿದು ಒಂದು ಮೆಟ್ಟಿಲು ಕೆಳಗೆ, ಅವನು ಜಾರಿದರೆ ತನ್ನ ಮೇಲೇ ಬೀಳುವಂತೆ, ನಿಂತುಕೊಂಡಳು. ಅವನು ಮತ್ತೊಂದು ಮೆಟ್ಟಿಲು ಹತ್ತಿದ. ಅವಳೂ ಹತ್ತಿದಳು.